ಹದಿಮೂರನೆಯವರ ಮುಖ

ಕೊಡಿಗೇಹಳ್ಳಿ
14-2-1960

ಚಿರಂಜೀವಿ ಅತಾವುಲ್ಲಾನಿಗೆ ಕೊಡಿಗೇಹಳ್ಳಿಯ ದೊಡ್ಡಮುನಿಯಮ್ಮನ ಆಶೀರ್ವಾದ. ಇದು ನಾನೇ ಬರೆದದ್ದು. ಬೇರೆಯವರ ಕೈಲಿ ಬರೆಸಿದರೆ ನನ್ನ ಬೈಗುಳವನ್ನೆಲ್ಲ ಬಿಟ್ಟು ಬರೆಯುತ್ತಾರೆ. ನಿನ್ನ ವಿಳಾಸವನ್ನು ಯಲಹಂಕದಲ್ಲಿ ನಿನ್ನ ತಾಯಿ ರೆಹಾನಾಬಿ ಕೊಟ್ಟಳು. ಮಗ ಸರ್ಕಾರದ ಕ್ಯಾಮರಾ ಹೊತ್ತು ದೇಶ ಸುತ್ತುತ್ತಿದ್ದಾನೆ, ಹಳೇ ಗುಡಿ ಕೋಟೆಗಳ ಫೋಟೊ ತೆಗೆಯುತ್ತಾನೆ ಎಂದಳು. ಒಳ್ಳೆಯದಾಯಿತು. ಕಲ್ಲು ಅಲುಗಾಡುವುದಿಲ್ಲ.

ನಮ್ಮ ಯಜಮಾನರು ಹೋದ ವೈಶಾಖದಲ್ಲಿ ತೀರಿಕೊಂಡರು. ಕೆರೆ ಕೆಳಗಿನ ಗದ್ದೆಗೆ ನೀರು ತಿರುಗಿಸಲು ಹೋದವರು ಬದುವಿನ ಮೇಲೆ ಕುಳಿತರು, ಏಳಲಿಲ್ಲ. ಅಷ್ಟೇ.

ಈಗ ಬರೆಯುತ್ತಿರುವುದು ಫೋಟೊ ವಿಚಾರ. ಅವರು ಇರುವ ಫೋಟೊ ಲೋಕದಲ್ಲಿ ಒಂದೇ ಒಂದು. ಎರಡು ವರ್ಷದ ಕೆಳಗೆ, ನೀನಿನ್ನೂ ಯಲಹಂಕದ ಸ್ಟುಡಿಯೋದಲ್ಲಿದ್ದಾಗ, ನಾಲ್ಕು ಹಳ್ಳಿಯ ಗಂಡಸರು ಹೆಂಗಸರು, ನಾನೂ ಸೇರಿ, ಕಾಶಿಗೆ ಹೊರಟ ಬೆಳಿಗ್ಗೆ ಯಶವಂತಪುರ ಸ್ಟೇಷನ್ನಿನಲ್ಲಿ ಹದಿಮೂರು ಗಂಡಸರನ್ನು ನಿಲ್ಲಿಸಿ ತೆಗೆದೆಯಲ್ಲ, ಅದು. ಹನ್ನೆರಡು ಜನರ ಮೀಸೆಯ ಕೂದಲನ್ನೂ ಎಣಿಸಬಹುದು. ಬಲಗಡೆ ಕೊನೆಯಲ್ಲಿ ನಿಂತ ನಮ್ಮವರಿಗೆ ಮಾತ್ರ ಎರಡು ಮೂಗು, ಮೂರು ಕಣ್ಣು. ಆ ಹೊತ್ತಿಗೆ ಗೂಡ್ಸ್ ಗಾಡಿ ಕೂಗಿದ್ದು ನನಗೆ ನೆನಪಿದೆ. ಜನ್ಮದಲ್ಲಿ ರೈಲು ಕಾಣದವರ ಹಾಗೆ ತಿರುಗಿ ನೋಡಿರಬೇಕು. ಅವರದೂ ತಪ್ಪು, ನಿನ್ನದೂ ತಪ್ಪು. ಅವರಂತೂ ಸಿಗುವುದಿಲ್ಲ, ಆದ್ದರಿಂದ ನಿನ್ನನ್ನು ಕೇಳುತ್ತಿದ್ದೇನೆ.

ಮೊದಲೆಲ್ಲ ಹಿರಿಯರ ಹಬ್ಬಕ್ಕೆ ಕಳಶ ಇಟ್ಟು, ಹೊಸ ಬಟ್ಟೆ ಇಟ್ಟು, ಎಡೆ ಹಾಕುತ್ತಿದ್ದೆವು. ಈಗ ಎಲ್ಲರ ಮನೆಯಲ್ಲೂ ಫೋಟೊ ಇಡುತ್ತಾರೆ. ಬರುವ ಮಹಾಲಯ ಅಮಾವಾಸ್ಯೆಗೆ ಇವರನ್ನು ಹಿರಿಯರ ಸಾಲಿಗೆ ಸೇರಿಸಬೇಕು. ಮಗ ಲಕ್ಕಣ್ಣ ಹಟ ಹಿಡಿದಿದ್ದಾನೆ, ಅಪ್ಪನ ಮುಖ ಇಲ್ಲದೆ ಎಡೆ ಇಡುವುದಿಲ್ಲ ಎಂದು. ಆ ಫೋಟೊವನ್ನು ಇದರ ಜೊತೆ ಕಳಿಸಿದ್ದೇನೆ. ಮುಖ ಸರಿ ಮಾಡಿ ಕೊಡು.

ಇಂತಿ,
ದೊಡ್ಡಮುನಿಯಮ್ಮ


ಫರ್ದಾಪುರ ಕ್ಯಾಂಪು
3-3-1960

ಪೂಜ್ಯ ಅಜ್ಜಿಯವರಿಗೆ ಅತಾವುಲ್ಲಾನ ಸಲಾಂ.

ತಾತ ತೀರಿಕೊಂಡ ವಿಷಯ ನಿಮ್ಮ ಕಾಗದದಿಂದಲೇ ತಿಳಿಯಿತು. ಚಿಕ್ಕವನಿದ್ದಾಗ ಅವರ ಗದ್ದೆಯ ನೀರಲ್ಲಿ ಏಡಿ ಹಿಡಿದದ್ದಕ್ಕೆ ನನ್ನನ್ನು ಅಟ್ಟಿಸಿಕೊಂಡು ಬಂದಿದ್ದರು.

ಆ ದಿನ ಮಂಜು ಬಹಳ ಇತ್ತು ಅಜ್ಜಿ. ಬೆಳಕು ಸಾಲದಾಗ ಒಂದು, ಎರಡು ಎಂದು ಎಣಿಸುವಷ್ಟು ಹೊತ್ತು ಕ್ಯಾಮರಾದ ಕಣ್ಣು ತೆರೆದಿಡಬೇಕು. ಅಷ್ಟರಲ್ಲಿ ತಲೆ ತಿರುಗಿಸಿದರೆ ಎರಡು ಮುಖ ಬೀಳುತ್ತದೆ.

ನಾನೀಗ ಅಜಂತಾದ ಗುಹೆಗಳ ಹತ್ತಿರ ಇದ್ದೇನೆ. ಗುಹೆಯೊಳಗೆ ಹಗಲಲ್ಲೂ ಕತ್ತಲೆ. ಹೊರಗೆ ಒಬ್ಬ ಕನ್ನಡಿ ಹಿಡಿದು ಬಿಸಿಲನ್ನು ಒಳಕ್ಕೆ ಹೊಡೆಯುತ್ತಾನೆ, ಒಳಗೆ ಬಿಳಿ ದುಪ್ಪಟಿ ಹರಡಿ ಆ ಬಿಸಿಲನ್ನು ಗೋಡೆಗೆ ತಿರುಗಿಸುತ್ತೇವೆ. ಆಗ ಸಾವಿರಾರು ವರ್ಷದ ಹಿಂದಿನ ಹೆಂಗಸರು ಗಂಡಸರು ಗೋಡೆಯಿಂದ ಎದ್ದು ಬರುತ್ತಾರೆ. ಮೋಡ ಬಂದರೆ ಮತ್ತೆ ಗೋಡೆಯೊಳಕ್ಕೆ. ಮೊದಲ ವಾರ ಮೈ ಜುಮ್ಮೆನ್ನುತ್ತಿತ್ತು. ಈಗ ನಂಬರು ಬರೆದುಕೊಂಡು ಮುಂದಿನ ಗೋಡೆಗೆ ಹೋಗುತ್ತೇನೆ.

ಔರಂಗಾಬಾದಿನಲ್ಲಿ ಫೋಟೊದ ಮೇಲೆ ಬಣ್ಣದಿಂದ ಮುಖ ತಿದ್ದುವ ಒಬ್ಬರು ಇದ್ದಾರೆ. ಆದರೆ ಅವರು ತಾತನನ್ನು ಕಂಡವರಲ್ಲ. ಹಣೆ ಎಷ್ಟಗಲ, ಹುಬ್ಬು ಹೇಗಿತ್ತು, ಮೂಗು, ತುಟಿ, ಗಲ್ಲ, ಎಲ್ಲವನ್ನೂ ನೀವು ಬರೆದು ಕಳಿಸಿದರೆ ಆಗುತ್ತದೆ.

ಇಂತಿ ನಿಮ್ಮ
ಅತಾವುಲ್ಲಾ


ಕೊಡಿಗೇಹಳ್ಳಿ
20-3-1960

ಅತಾವು,

ಬರೆದು ಕಳಿಸಿ ಎಂದು ಸಲೀಸಾಗಿ ಬರೆದುಬಿಟ್ಟೆ. ಕೇಳು.

ಅವರ ಹಿಮ್ಮಡಿ ಎರಡೂ ಸೀಳಿದ್ದವು, ಬಲಗಾಲಿನದು ಹೆಚ್ಚು. ನಡೆಯುವಾಗ ಎಡಭುಜ ಒಂದು ಬೆರಳು ತಗ್ಗುತ್ತಿತ್ತು, ನೇಗಿಲ ಮೇಳಿ ಹಿಡಿದು ಹಾಗಾದದ್ದು. ಎಡಗಿವಿಯ ಹಿಂದೆ ಹುಣಸೆ ಬೀಜದಷ್ಟು ಮಚ್ಚೆ. ಕತ್ತಿನ ಹಿಂದೆ ಮೂರು ಗೆರೆ, ಬೇಸಿಗೆಯಲ್ಲಿ ಅದರಲ್ಲಿ ಉಪ್ಪು ಕಟ್ಟುತ್ತಿತ್ತು. ಊಟಕ್ಕೆ ಕುಳಿತರೆ ಬಲಗೈ ಕಿರುಬೆರಳು ತಟ್ಟೆಗೆ ತಾಗುತ್ತಿರಲಿಲ್ಲ. ಇಷ್ಟು ನಾನು ಆಣೆ ಮಾಡಿ ಹೇಳಬಲ್ಲೆ.

ಮುಖ ಎಂದರೆ? ಹದಿನಾಲ್ಕು ವರ್ಷಕ್ಕೆ ಈ ಮನೆಗೆ ಬಂದೆ. ಗಂಡನ ಮುಖ ದಿಟ್ಟಿಸುವವಳನ್ನು ನಮ್ಮತ್ತೆ ಸೌಟಿನಿಂದ ವಿಚಾರಿಸುತ್ತಿದ್ದಳು. ಅವರು ಮುಂದೆ ನಡೆದರು, ನಾನು ಹಿಂದೆ ನಡೆದೆ. ಬಡಿಸುವಾಗ ತಟ್ಟೆ ನೋಡಿದೆ. ಮಾತಾಡುವಾಗ ನೆಲ ನೋಡಿದೆ. ನಲವತ್ತಾರು ವರ್ಷ ಹೀಗೇ. ಅತ್ತೆ ಸತ್ತ ಮೇಲಾದರೂ ನೋಡಬಹುದಿತ್ತು ಎನ್ನುತ್ತೀಯ. ಅಷ್ಟು ಹೊತ್ತಿಗೆ ರೂಢಿ ಆಗಿಹೋಗಿತ್ತು, ಕತ್ತು ಏಳಲಿಲ್ಲ.

ಸತ್ತ ದಿನ ನೋಡಿದೆ, ಯಾರೂ ತಡೆಯಲಿಲ್ಲ. ಆದರೆ ಅದು ಗಲ್ಲಕ್ಕೆ ಬಟ್ಟೆ ಕಟ್ಟಿದ ಮುಖ. ಅದನ್ನು ಬರೆದು ಕಳಿಸಲೇ?

ಲಕ್ಕಣ್ಣನನ್ನು ಕೇಳಿದೆ. ಅಪ್ಪನ ಮೂಗು ನನ್ನ ಮೂಗಿನಂತೆ ಎಂದ. ಸೊಸೆ ಕೃಷ್ಣಮ್ಮ, ಇಲ್ಲ ಮಾವನದು ಇನ್ನೂ ಉದ್ದ ಎಂದಳು. ಅರ್ಧ ದಿನ ಗಂಡಹೆಂಡಿರು ಮೂಗಿಗಾಗಿ ಮಾತು ಬಿಟ್ಟರು.

ಇಷ್ಟರಲ್ಲಿ ಏನಾಗುತ್ತದೋ ನೋಡು. ನಾನು ಮುಖ ಮರೆತಿದ್ದೇನೆ ಎಂದು ನಿನ್ನ ತಾಯಿಗೆ ಬರೆಯಬೇಡ. ಮರೆತಿಲ್ಲ.

ದೊಡ್ಡಮುನಿಯಮ್ಮ


ಫರ್ದಾಪುರ ಕ್ಯಾಂಪು
11-5-1960

ಪೂಜ್ಯ ಅಜ್ಜಿಯವರಿಗೆ ಸಲಾಂ.

ಫೋಟೊ ಬೇರೆ ಲಕೋಟೆಯಲ್ಲಿ ರಿಜಿಸ್ಟರ್ ಮಾಡಿ ಕಳಿಸಿದ್ದೇನೆ. ತಾತನನ್ನು ಗುಂಪಿನಿಂದ ಬಿಡಿಸಿ ಒಬ್ಬರನ್ನೇ ದೊಡ್ಡದು ಮಾಡಲಾಗಿದೆ. ರುಮಾಲು, ಕೋಟು ಅವರದೇ. ಮುಖವನ್ನು ಔರಂಗಾಬಾದಿನವರು ತಿದ್ದಿದ್ದಾರೆ. ನಿಮಗೆ ಸಮಾಧಾನವಾಗಬಹುದು.

ಇಲ್ಲಿ ಬಿಸಿಲು ಅತಿ. ಕಂಬದ ಎತ್ತರ ತಿಳಿಯಲೆಂದು ಪಕ್ಕದಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸುತ್ತೇವೆ. ಅವನ ಮುಖ ಕಾಣಬಾರದು, ಆಚೆ ತಿರುಗಿ ನಿಲ್ಲಬೇಕು ಎಂದು ಸಾಹೇಬರ ಆರ್ಡರು. ನೂರಾರು ಫೋಟೊಗಳಲ್ಲಿ ಒಬ್ಬನೇ ಮುದುಕನ ಬೆನ್ನು. ಮಳೆ ಹಿಡಿದ ಮೇಲೆ ಸಾಂಚಿಗೆ ಹೋಗುತ್ತೇವೆ.

ಅತಾವುಲ್ಲಾ


ಕೊಡಿಗೇಹಳ್ಳಿ
19-6-1960

ಅತಾವು,

ಫೋಟೊ ಮುಟ್ಟಿತು. ಬಿಚ್ಚಿದ ಕೂಡಲೇ ಲಕ್ಕಣ್ಣ ಅಪ್ಪಾ ಎಂದು ಕಣ್ಣಿಗೊತ್ತಿಕೊಂಡ. ಮೂಗಿನ ಮಾತು ಇಬ್ಬರೂ ಎತ್ತಲಿಲ್ಲ. ಯಜಮಾನರ ಜೊತೆ ಕಾಶಿಗೆ ಬಂದಿದ್ದ ಹುಣಸಮಾರನಹಳ್ಳಿಯ ರಾಮಕೃಷ್ಣಪ್ಪ ನೋಡಲೆಂದೇ ಬಂದು, ಇನ್ನೇನು ಬಾಯಿಬಿಟ್ಟು ಮಾತಾಡ್ತಾನೆ ಎಂದು ಅತ್ತ. ನಾನು ಅಳಲಿಲ್ಲ. ನಾನು ಅಳಲಿಲ್ಲ ಎನ್ನುವುದನ್ನು ಊರಿನಲ್ಲಿ ಹೋದ ವರ್ಷದಿಂದಲೂ ಗಮನಿಸುತ್ತಿದ್ದಾರೆ.

ನರಸಿಂಹಯ್ಯ ಆಚಾರಿ ಚೌಕಟ್ಟು ಮಾಡಿಕೊಟ್ಟ. ಗಾಜು ಸಿಗಲಿಲ್ಲ. ನಿನ್ನ ತಾಯಿ ಫೋಟೊ ನೋಡಲು ಬಂದವಳು, ಅತಾವು ಟ್ರಂಕಿನಲ್ಲಿ ಗಾಜು ರಾಶಿ ಬಿದ್ದಿದೆ, ಎತ್ತೋಕೂ ಆಗಲ್ಲ ಎಂದು ಮಾರನೆಯ ದಿನ ಒಂದು ತಂದುಕೊಟ್ಟಳು. ಹೊಗೆ ಹಿಡಿದಂತೆ ಕಪ್ಪಗಿತ್ತು. ಬಿಸಿನೀರು, ಸೀಗೆಪುಡಿ, ತೆಂಗಿನ ನಾರು ಹಾಕಿ ನಾನೇ ಉಜ್ಜಿದೆ. ಕೆನೆ ಸುಲಿದಂತೆ ಸುಲಿದು ಬಂತು. ಈಗ ಫಳಫಳ ಎನ್ನುತ್ತಿದೆ. ಅಳತೆಯೂ ಸರಿಹೋಯಿತು.

ಇನ್ನು ನಿನ್ನನ್ನು ಒಂದು ಕೇಳಬೇಕು. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಎಲ್ಲರೂ ಗದ್ದೆಗೆ ಹೋದಾಗ ಆ ಫೋಟೊದ ಎದುರಿಗೆ ಕುಳಿತೆ. ಎಷ್ಟು ಹೊತ್ತು ಬೇಕಾದರೂ ನೋಡಲಿಕ್ಕಾಯಿತು. ಕತ್ತು ಬಗ್ಗಲಿಲ್ಲ. ಅದಕ್ಕೇ ಅನುಮಾನ. ಒಳ್ಳೆಯ ಮನುಷ್ಯನ ಹಾಗೆ ಕಾಣುತ್ತಾನೆ. ಆದರೆ ಆಮೇಲಿನಿಂದ ನಡುಮನೆಯಲ್ಲಿ ಓಡಾಡುವಾಗ ತಲೆ ಮೇಲೆ ಸೆರಗು ಹೊದೆಯುತ್ತಿದ್ದೇನೆ, ಮನೆಗೆ ಯಾರೋ ಬಂದು ಕುಳಿತಿದ್ದಾರೆ ಎನ್ನುವ ಹಾಗೆ.

ಯಾರಿವನು? ಅಮಾವಾಸ್ಯೆಗೆ ಇವನ ಮುಂದೆ ಹೊಸ ಪಂಚೆ ಇಟ್ಟು ಎಡೆ ಹಾಕುತ್ತಾರೆ. ಅದಕ್ಕೆ ಮುಂಚೆ ತಿಳಿಸು.

ದೊಡ್ಡಮುನಿಯಮ್ಮ


ಸಾಂಚಿ
28-8-1960

ಅಜ್ಜಿಯವರಿಗೆ ಸಲಾಂ.

ಎರಡು ತಿಂಗಳು ಉತ್ತರ ಬರೆಯಲಿಲ್ಲ. ಮಳೆಯಲ್ಲಿ ಟಪಾಲು ತಡ ಎಂದು ಬರೆಯಬಹುದು. ಹಾಗಲ್ಲ, ನಾಲ್ಕು ಸಲ ಬರೆದು ಹರಿದೆ.

ಔರಂಗಾಬಾದಿನಲ್ಲಿ ಯಾರೂ ಇಲ್ಲ. ಇದ್ದವರು ನನ್ನ ಕಾಗದ ಹೋಗುವ ಮುಂಚೆಯೇ ಊರು ಬಿಟ್ಟಿದ್ದರು. ಮುಖ ದಗಡೂನದು. ಅಜಂತಾದಲ್ಲಿ ನಮಗೆ ಕನ್ನಡಿ ಹಿಡಿಯುತ್ತಿದ್ದ ಮುದುಕ. ಅಳತೆಗೆ ನಿಲ್ಲಿಸುತ್ತಿದ್ದದ್ದೂ ಅವನನ್ನೇ. ನೀವು ಬರೆದಿರಲ್ಲ, ಎಡಭುಜ ತಗ್ಗುತ್ತಿತ್ತು ಎಂದು. ಅವನದೂ ಹಾಗೆಯೇ. ಮಧ್ಯಾಹ್ನ ರೊಟ್ಟಿ ತಿನ್ನಲು ಕುಳಿತಾಗ ಅವನ ಮುಖ ತೆಗೆದುಕೊಂಡೆ. ಅದನ್ನು ಕತ್ತರಿಸಿ ತಾತನ ರುಮಾಲಿನ ಕೆಳಗೆ ಅಂಟಿಸಿ ಮತ್ತೊಮ್ಮೆ ಫೋಟೊ ಹಿಡಿದೆ. ನಿಮ್ಮ ಮನೆಯವರು ಸಮಾಧಾನಪಟ್ಟರೆ ಸಾಕು ಎನಿಸಿತ್ತು.

ದಗಡೂ ಬದುಕಿದ್ದಾನೆ. ಎಡೆ ಎಂದು ಬರೆದಿರಲ್ಲ, ದಯವಿಟ್ಟು ಅವನ ಮುಂದೆ ಇಡಬೇಡಿ.

ಇನ್ನೊಂದು ಕೇಳುತ್ತೇನೆ. ಅಮ್ಮ ಕೊಟ್ಟ ಗಾಜಿನ ಮೂಲೆಯಲ್ಲಿ ಕಾಗದದ ಚೀಟಿ ಅಂಟಿಸಿತ್ತೇ? ಅದರಲ್ಲಿ ಏನು ಬರೆದಿತ್ತು?

ಅತಾವುಲ್ಲಾ


ಕೊಡಿಗೇಹಳ್ಳಿ
23-9-1960

ಅತಾವು,

ಹಬ್ಬ ಆಯಿತು. ಹೇಗಾಯಿತು ಎಂದು ತಿಳಿದುಕೊ.

ನಿನ್ನ ಕಾಗದ ಬಂದ ಮೇಲೂ ಹತ್ತು ದಿನ ಸುಮ್ಮನಿದ್ದೆ. ಅಮಾವಾಸ್ಯೆಯ ಬೆಳಿಗ್ಗೆ ಕೃಷ್ಣಮ್ಮ ನೆಲ ಸಾರಿಸಿ ಮಣೆ ಹಾಕಿದಳು. ಲಕ್ಕಣ್ಣ ಹೂವಿನ ಹಾರ ಹಿಡಿದು ಬಂದ. ನಾನು ಸ್ಟೂಲು ಹತ್ತಿ ಫೋಟೊ ಇಳಿಸಿದೆ.

"ಅವ್ವಾ, ಅಪ್ಪನ್ ಯಾಕ್ ಇಳಿಸ್ತೀಯಾ?" ಎಂದ.

"ನಿಮ್ಮಪ್ಪ ಅಲ್ಲ ಕಣೋ ಇದು. ಬದುಕಿರೋ ಮನುಷ್ಯ. ಅಜಂತಾದಾಗೆ ಅವ್ನೆ. ಎಡೆ ಇಟ್ರೆ ನಮ್ ಕೈಯಾರ ಅವನ್ನ ಸಾಯಿಸ್ದಂಗೆ."

ಅವನು ನಂಬಲಿಲ್ಲ. ನಿನ್ನ ಕಾಗದ ಓದಿ ಹೇಳಿದೆ. ಹಾರವನ್ನು ಮಣೆ ಮೇಲೆ ಇಟ್ಟು ಅಲ್ಲೇ ಕುಳಿತುಕೊಂಡ. ಆಮೇಲೆ ಕೇಳಿದ.

"ಅಂಗಾರೆ ನಾನು ನಮ್ಮಪ್ಪನ್ ಮಕಾನೇ ಗುರ್ತಿಡೀನಿಲ್ವಾ?"

ಕೃಷ್ಣಮ್ಮ ಬೆಳಗಿದ ಕಳಶ ತಂದಿಟ್ಟಳು. ಅದಕ್ಕೇ ಹಾರ ಹಾಕಿ, ಪಂಚೆ ಇಟ್ಟು, ಎಡೆ ಹಾಕಿದೆವು. ಲಕ್ಕಣ್ಣ ಆ ದಿನ ಊಟ ಮಾಡಲಿಲ್ಲ. ಮಾರನೆಯ ದಿನ ಮಾಡಿದ. ಈಗ ಎಂದಿನಂತೆ ಇದ್ದಾನೆ, ನನ್ನ ಜೊತೆ ಮಾತು ಮಾತ್ರ ಕಡಿಮೆ.

ಫೋಟೊವನ್ನು ಚೌಕಟ್ಟಿನಿಂದ ಬಿಚ್ಚಿ ಕಳಿಸಿದ್ದೇನೆ. ಆ ದಗಡೂನ ಮನೆಯವರಿಗೆ ಕೊಡು. ಕುಂಕುಮ ಇಟ್ಟಿಲ್ಲ, ಧೂಪ ಹಾಕಿಲ್ಲ, ಏನೂ ಮಾಡಿಲ್ಲ ಎಂದು ಹೇಳು. ನಿನ್ನನ್ನು ಬೈಯಬೇಕು ಎಂದೇ ಈ ಕಾಗದ ಹಿಡಿದದ್ದು. ಬೈಗುಳ ಬರುತ್ತಿಲ್ಲ.

ಚೀಟಿ ಇತ್ತು. ಯಶವಂತಪುರ 1958 ಎಂದು ನಿನ್ನ ಅಕ್ಷರ. ನೀರಿಗೆ ಹಾಕಿದಾಗ ಬಿಟ್ಟುಕೊಂಡಿತು. ನೀನು ಕೇಳಿದ ರೀತಿ ನೋಡಿದರೆ ನಾನೇನೋ ಮಾಡಿದ್ದೇನೆ. ಏನು ಮಾಡಿದೆ, ಹೇಳು.

ದೊಡ್ಡಮುನಿಯಮ್ಮ


ಫತೇಪುರ್ ಸಿಕ್ರಿ
9-10-1960

ಅಜ್ಜಿಯವರಿಗೆ ಸಲಾಂ.

ಹೇಳಬಾರದು ಎಂದಿದ್ದೆ. ನೀವು ಕೇಳಿದಿರಿ.

ಆ ಕಪ್ಪು ಹೊಗೆಯಲ್ಲ. ಕ್ಯಾಮರಾದೊಳಗೆ ಮೊದಲು ಫೋಟೊ ಬೀಳುವುದೇ ಆ ಗಾಜಿನ ಮೇಲೆ. ಕಾಗದದ ಮೇಲೆ ಎಷ್ಟು ಸಲ ಬೇಕಾದರೂ ಅದರಿಂದ ಇಳಿಸಿಕೊಳ್ಳಬಹುದು. ನೀವು ಉಜ್ಜಿದ್ದು ಆ ದಿನದ ಫೋಟೊವನ್ನು. ನಿಮ್ಮ ತಪ್ಪಲ್ಲ, ಅಮ್ಮನ ತಪ್ಪೂ ಅಲ್ಲ. ಗಾಜು ಬೇಕು ಎಂದರೆ ಯಾರಾದರೂ ಗಾಜನ್ನೇ ಕೊಡುತ್ತಾರೆ.

ಮುಖ ಅದರಲ್ಲೂ ಹೀಗೆಯೇ ಎರಡಾಗಿತ್ತು. ಹಾಗಾಗಿ ಮುಖ ಹೋಯಿತು ಎಂದು ಕೊರಗಬೇಡಿ. ಆದರೆ ನಿಮಗೆ ಕೊಟ್ಟ ಫೋಟೊದಲ್ಲಿ ಇಲ್ಲದ್ದು ಗಾಜಿನಲ್ಲಿ ಇತ್ತು. ಬಲ ಅಂಚಿನಲ್ಲಿ ಎರಡು ಬೆರಳಗಲ. ರಟ್ಟಿಗೆ ಅಂಟಿಸುವಾಗ ನಾನು ಕತ್ತರಿಸಿ ಎಸೆದೆ. ಅಲ್ಲಿ ಪ್ಲಾಟ್‌ಫಾರಂ ಮೇಲಿನ ನೀರಿನ ನಲ್ಲಿ ಇತ್ತು. ನಲ್ಲಿಯ ಹತ್ತಿರ ಚೊಂಬು ಹಿಡಿದು ಒಬ್ಬ ಹೆಂಗಸು. ಗುಂಪಿಗೆ ಸೇರಿದವರಲ್ಲ ಎಂದು ಕತ್ತರಿಸಿದ್ದು. ಅದು ನೀವು.

ಗೂಡ್ಸ್ ಗಾಡಿ ಬಂದದ್ದು ಎಡಗಡೆಯಿಂದ ಅಜ್ಜಿ. ತಾತ ತಿರುಗಿದ್ದು ಬಲಕ್ಕೆ. ಇಲ್ಲಿ ಖಾಲಿ ಅರಮನೆಯ ಅಂಗಳದಲ್ಲಿ ಕ್ಯಾಮರಾ ಇಟ್ಟುಕೊಂಡು ಬೆಳಕಿಗೆ ಕಾಯುತ್ತಾ ಆ ಗಾಜನ್ನು ಮನಸ್ಸಿನಲ್ಲಿ ಎಷ್ಟೋ ಸಲ ಎತ್ತಿ ಹಿಡಿದು ನೋಡಿದೆ. ಆ ಕಡೆ ನೀವಲ್ಲದೆ ಬೇರೆ ಯಾರೂ ಇರಲಿಲ್ಲ.

ಅತಾವುಲ್ಲಾ


ಕೊಡಿಗೇಹಳ್ಳಿ
30-10-1960

ಅತಾವು,

ಓದಿದೆ. ಮತ್ತೆ ಮಡಿಸಿಟ್ಟೆ. ಕಳೆ ಕೀಳುವವರಿಗೆ ಅಂಬಲಿ ಕೊಟ್ಟು ಬಂದು ಮತ್ತೆ ಓದಿದೆ.

ನನ್ನ ಕಡೆ ನೋಡಿದರಂತೆ. ಚೊಂಬು ತುಂಬಿತೋ ಇಲ್ಲವೋ ಎಂದು ನೋಡಿರಬೇಕು. ರೈಲು ಹೊರಡುವ ಹೊತ್ತು, ನೀರು ಹಿಡಿಯಲು ಕಳಿಸಿದ್ದೂ ಅವರೇ. ನೀನು ಅದಕ್ಕೆ ಬೇರೆ ಬಣ್ಣ ಬಳಿಯಬೇಡ.

ಗಾಜನ್ನು ನರಸಿಂಹಯ್ಯ ಅಡುಗೆಮನೆಯ ಒಡೆದ ಕಿಟಕಿಗೆ ಕೂರಿಸಿದ. ಹಿತ್ತಿಲ ನುಗ್ಗೆಗಿಡ, ಕರು, ಎಲ್ಲ ಚೆನ್ನಾಗಿ ಕಾಣುತ್ತದೆ. ನನಗೆ ಏನೂ ಅನಿಸುತ್ತಿಲ್ಲ. ಅನಿಸಬೇಕು ಎಂದು ಕಾದೆ. ಮುದ್ದೆ ತಿರುವಿದೆ, ಹಸು ಕರೆದೆ, ಕಾದೆ.

ಒಂದನ್ನು ನೀನು ಬರೆಯಲಿಲ್ಲ. ಅವರು ನನ್ನ ಕಡೆ ನೋಡಿದಾಗ ಆ ಗಾಜಿನಲ್ಲಿ ನಾನು ಯಾವ ಕಡೆ ನೋಡುತ್ತಿದ್ದೆ? ನನ್ನ ಮುಖ ಅವರ ಕಡೆ ಇತ್ತೋ, ನಲ್ಲಿಯ ಕಡೆ ಇತ್ತೋ? ನನಗೆ ನೆನಪಿಲ್ಲ. ನಿನಗೆ ಗೊತ್ತಿದೆ. ಒಮ್ಮೆ ನನಗೆ ಸಮಾಧಾನವಾಗಲಿ ಎಂದು ಬರೆದು ಏನಾಯಿತು ಎಂದು ನೋಡಿದ್ದೀಯ. ಇದ್ದದ್ದನ್ನು ಬರೆ.

ದೊಡ್ಡಮುನಿಯಮ್ಮ


ಆಗ್ರಾ
18-12-1960

ಅಜ್ಜಿಯವರಿಗೆ ಸಲಾಂ. ಈ ಕಾರ್ಡು ಬರೆಯಲು ಆರು ವಾರ ಬೇಕಾಯಿತು.

ನಿಮ್ಮ ಮುಖ ನಲ್ಲಿಯ ಕಡೆಗಿತ್ತು. ತಲೆ ಬಗ್ಗಿಸಿ ಚೊಂಬನ್ನು ನೋಡುತ್ತಿದ್ದಿರಿ. ನೀವು ಅಲುಗಾಡಿರಲಿಲ್ಲ, ಸ್ಪಷ್ಟವಾಗಿ ಬಿದ್ದಿತ್ತು.

ದಗಡೂನಿಗೆ ಫೋಟೊ ಮುಟ್ಟಿದೆಯಂತೆ. ರುಮಾಲು ತನಗೆ ಒಪ್ಪುತ್ತದೆ ಎಂದನಂತೆ.

ಅತಾವುಲ್ಲಾ


ಕೊಡಿಗೇಹಳ್ಳಿ
2-1-1961

ಅತಾವು,

ಕಾರ್ಡು ಬಂತು. ಇದ್ದದ್ದನ್ನು ಬರೆದೆ, ಒಳ್ಳೆಯದು ಮಾಡಿದೆ. ನಿನ್ನ ತಾಯಿಗೆ ಕೆಮ್ಮು ಹೆಚ್ಚಾಗಿದೆ, ನಿನಗೆ ತಿಳಿಸಬೇಡ ಎಂದಿದ್ದಾಳೆ. ತಿಳಿಸುತ್ತಿದ್ದೇನೆ. ಕಲ್ಲುಗಳು ಎಲ್ಲಿಗೂ ಹೋಗುವುದಿಲ್ಲ, ರಜ ಹಾಕಿ ಬಂದು ಅವಳ ಮುಖ ನೋಡು. ಫೋಟೊ ತೆಗೆಯುವುದು ಆಮೇಲೆ.

ಲಕ್ಕಣ್ಣ ಈಗ ಮೊದಲಿನಂತೆ ಮಾತಾಡುತ್ತಾನೆ. ಊಟಕ್ಕೆ ಕುಳಿತಾಗ ಅವನನ್ನು ನೋಡುತ್ತೇನೆ. ಏನವ್ವಾ ಅಂಗ್ ನೋಡ್ತೀಯಾ ಎಂದು ಸಿಡುಕುತ್ತಾನೆ. ನೋಡಿದರೂ ಅವರು ಸಿಗುವುದಿಲ್ಲ, ಅವನೇ ಇದ್ದಾನೆ.

ಅವರು ತಿರುಗಿ ನೋಡಿದ್ದು ನನಗೆ ತಿಳಿಯಲಿಲ್ಲ. ನಾನು ನೋಡಲಿಲ್ಲ ಎನ್ನುವುದು ಅವರಿಗೆ ತಿಳಿದುಹೋಗಿತ್ತು. ಅದನ್ನು ತಿಳಿದುಕೊಂಡೇ ಕಾಶಿಗೆ ಹೋಗಿ ಬಂದರು, ಆಮೇಲೂ ಅಷ್ಟು ದಿನ ನನ್ನ ಕೈಯ ಊಟ ಉಂಡರು, ಏನೂ ಅನ್ನಲಿಲ್ಲ.

ಆ ದಿನ ರೈಲು ಹೊರಟ ಮೇಲೆ ನೀರಿನ ಚೊಂಬು ಚಾಚಿದೆ. ತೆಗೆದುಕೊಂಡು ಕುಡಿದರು. ಎದುರು ಬದುರು ಕುಳಿತಿದ್ದೆವು, ಮಧ್ಯೆ ಒಂದು ಮೊಳ ಜಾಗ. ಆಗಲೂ ನಾನು ನೋಡಿದ್ದು ಅವರ ಕೈಯನ್ನು.

ದೊಡ್ಡಮುನಿಯಮ್ಮ